ಕಸದ ಗೆರೆ

ಹೆಗಲ ಮೇಲೆ ವಯರಿನ ಸುರುಳಿ, ಕಂಕುಳಲ್ಲಿ ರಟ್ಟಿನ ಪೆಟ್ಟಿಗೆ, ಬಾಯಲ್ಲಿ ಬೀಗದ ಕೈ ಕಚ್ಚಿಕೊಂಡು ಮೇಲಿನ ಮಹಡಿಗೆ ಹತ್ತುತ್ತಿದ್ದವನನ್ನು ಕೆಳಗಿನಿಂದ ಯಾರೋ 'ಸಾರ್, ಸಾರ್' ಎಂದು ಕೂಗಿದರು. ತಿರುಗಿ ನೋಡುವ ಮೊದಲೇ ಅವನಿಗೆ ಗೊತ್ತಾಯಿತು, ಇದು ಸಂಗೀತದ ವಿಷಯವಲ್ಲ, ಮೈಕಿನ ವಿಷಯ. ಸಂಗೀತ ವಿಭಾಗದ ಮುಖ್ಯಸ್ಥರು ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ಅವರ ಹಿಂದೆ ಗರಿಗರಿ ಇಸ್ತ್ರಿಯ ಇಬ್ಬರು ಅತಿಥಿಗಳು. "ಸಭಾಂಗಣದ ಮೈಕು ಬೆಳಗ್ಗೆಯಿಂದ ಕೀರ್ ಅಂತಿದೆ, ಒಂಚೂರು ನೋಡಿಬಿಡ್ತೀರಾ? ನಿಮ್ಮದೇ ಫೀಲ್ಡು ಅಲ್ವಾ," ಎಂದರು. ನನ್ನದಲ್ಲ ಎಂದು ಹೇಳಬೇಕೆಂದರೆ ಬಾಯಲ್ಲಿ ಬೀಗದ ಕೈ. ತಲೆ ಆಡಿಸಿದ. ಅದು ಹೌದು ಎಂದಾಯಿತು. ಅವನ ಎಲ್ಲ ತಲೆ ಆಡಿಸುವಿಕೆಗಳೂ ಕೊನೆಗೆ ಹೌದು ಎಂದೇ ಆಗುತ್ತಿದ್ದವು. ಇಪ್ಪತ್ತು ವರ್ಷದಿಂದ ಸಂಗೀತ ರಚಿಸುತ್ತಿದ್ದಾನೆ, ಪಾಠ ಹೇಳುತ್ತಿದ್ದಾನೆ. ಆದರೂ ಎಲ್ಲಿ ಏನು ಕಿರುಚಿದರೂ, ಎಲ್ಲಿ ಪರದೆಯ ಮೇಲೆ ಚಿತ್ರ ಮೂಡದಿದ್ದರೂ ಇವನಿಗೇ ಕರೆ. ವಿದ್ಯಾರ್ಥಿಗಳು ಬೆನ್ನ ಹಿಂದೆ ತಂತಿ ಮೇಷ್ಟ್ರು ಎನ್ನುತ್ತಾರೆಂದು ಅವನಿಗೆ ಗೊತ್ತಿತ್ತು. ಪಿಟೀಲಿನ ತಂತಿ ಎಂದು ತಿಳಿದುಕೊಂಡು ಒಂದಷ್ಟು ದಿನ ಒಳಗೊಳಗೇ ಹಿಗ್ಗಿದ್ದ. ಆಮೇಲೆ ತಿಳಿಯಿತು, ಕರೆಂಟಿನದು. ಸಭಾಂಗಣಕ್ಕೆ ಹೋಗಿ ನೋಡಿದರೆ ಯಾರೋ ಪುಣ್ಯಾತ್ಮರು ಮೈಕನ್ನು ಸ್ಪೀಕರಿನ ಬಾಯಿಗೇ ನೆಟ್ಟಿದ್ದರು. ತನ್ನ ದನಿಯನ್ನೇ ತಾನು ಕೇಳಿಸಿಕೊಂಡು, ಕೇಳಿಸಿಕೊಂಡದ್ದನ್ನೇ ಮತ್ತೆ ಕೂಗಿ ಅದು ಅರಚುತ್ತಿತ್ತು. ಎರಡು ಹೆಜ್ಜೆ ಆಚೆ ಸರಿಸಿದ. ಸುಮ್ಮನಾಯಿತು. ಅತಿಥಿಗಳಲ್ಲೊಬ್ಬ ಮೆಚ್ಚಿ, "ಇಂಥ ಒಬ್ಬ ಎಲೆಕ್ಟ್ರಿಷಿಯನ್ ನಮ್ಮಲ್ಲೂ ಇರಬೇಕಿತ್ತು," ಎಂದ. ಮುಖ್ಯಸ್ಥರು ತಿದ್ದಲಿಲ್ಲ. ಇವನೂ ಹಲ್ಲು ಕಿರಿದು ಹೊರಬಿದ್ದ.

ಬೇರೆ ದಿನವಾಗಿದ್ದರೆ ಈ ಮಾತನ್ನು ಸಂಜೆಯವರೆಗೂ ಮೆಲುಕು ಹಾಕಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದ. ಇವತ್ತು ಅದಕ್ಕೂ ಪುರಸೊತ್ತಿರಲಿಲ್ಲ. ಮಧ್ಯಾಹ್ನ ಅಕ್ಕ ಬರುವವಳಿದ್ದಳು. ಮೇಲಿನ ಕೋಣೆಯ ಬಾಗಿಲು ತೆರೆದು, ಕಿಟಕಿಯ ಪರದೆಗಳನ್ನೆಳೆದು, ಕಂಪ್ಯೂಟರಿಗೆ ಜೀವ ಕೊಟ್ಟು, ನಾಲ್ಕು ಮೂಲೆಯ ಸ್ಪೀಕರುಗಳನ್ನು ಒಂದೊಂದಾಗಿ ತಟ್ಟಿ ನೋಡಿದ. ಮಣಿಕಟ್ಟಿಗೆ ಕಟ್ಟುವ ಕಪ್ಪು ಪಟ್ಟಿ ಮೇಜಿನ ಮೇಲಿತ್ತು. ಅದನ್ನು ಕಟ್ಟಿಕೊಂಡು ಕೈ ಎತ್ತಿದರೆ ಸ್ವರ ಏರುತ್ತದೆ, ಇಳಿಸಿದರೆ ಇಳಿಯುತ್ತದೆ, ಗಾಳಿಯಲ್ಲಿ ಮೆಲ್ಲಗೆ ಎಳೆದರೆ ಕಮಾನು ಎಳೆದ ಹಾಗೆ ನಾದ ನೀಳವಾಗುತ್ತದೆ. ವಾದ್ಯವಿಲ್ಲ, ಬೆರಳಿನ ಅಭ್ಯಾಸ ಬೇಕಿಲ್ಲ, ಕೈಯೊಂದಿದ್ದರೆ ಸಾಕು. ಎಲ್ಲರಿಗೂ ಹಾಗೆಂದೇ ಹೇಳಿಕೊಂಡು ಬಂದಿದ್ದ. ಕಂಪ್ಯೂಟರಿನ ಪರದೆಯ ಮೇಲೆ ಎರಡು ಗೆರೆಗಳು ಓಡುತ್ತಿದ್ದವು. ಮೇಲಿನದು ಹಸಿರು, ಅದರ ಪಕ್ಕದಲ್ಲಿ 'ಕೈ' ಎಂದು ಬರೆದಿತ್ತು. ಕೆಳಗಿನದು ಬೂದು ಬಣ್ಣದ್ದು, ಅದರ ಹೆಸರು 'ಕಸ'. ಕೈಯ ನಿಧಾನದ, ಉದ್ದೇಶದ ಚಲನೆಯೆಲ್ಲ ಮೇಲಿನ ಗೆರೆಗೆ ಹೋಗಿ ಸಂಗೀತವಾಗುತ್ತಿತ್ತು. ಸಣ್ಣ ಅದುರು, ಪಟ್ಟಿಯ ಸಡಿಲ, ಮಾಂಸದ ಕುಲುಕು ಇವೆಲ್ಲ ಕೆಳಗಿನ ಗೆರೆಗೆ ಬಿದ್ದು ಅಲ್ಲಿಂದ ಆಚೆ ಹೋಗುತ್ತಿದ್ದವು. ಕಸ ಎಂಬ ಹೆಸರು ಅವನೇ ಇಟ್ಟದ್ದು, ತಮಾಷೆಗೆ. ತರಗತಿಯಲ್ಲಿ ಅದು ಬಾಯಿಗೆ ಹತ್ತಿಬಿಟ್ಟಿತು. ಕಸ ಜಾಸ್ತಿ ಇದೆ ಸಾರ್, ಕಸ ಗುಡಿಸಿದೆ ಸಾರ್. ಒಂದು ದಿನ ಮುಂದಿನ ಸಾಲಿನಲ್ಲಿ ಕೂರುವವಳು, ಯಾವಾಗಲೂ ಒಂದು ಪ್ರಶ್ನೆ ಉಳಿಸಿಕೊಂಡೇ ಏಳುವವಳು, "ಸಾರ್, ಯಾವುದು ಕೈ ಯಾವುದು ಕಸ ಅಂತ ಅದಕ್ಕೆ ಹೇಗೆ ಗೊತ್ತಾಗತ್ತೆ?" ಎಂದು ಕೇಳಿದ್ದಳು. "ಅದಕ್ಕೆ ಗೊತ್ತಾಗಲ್ಲಮ್ಮ, ನಾವು ಹೇಳ್ತೀವಿ," ಎಂದಿದ್ದ. ಎಲ್ಲರೂ ನಕ್ಕಿದ್ದರು. ಅವಳು ನಕ್ಕಿರಲಿಲ್ಲ.

ಅಕ್ಕನನ್ನು ಒಪ್ಪಿಸುವುದೇ ದೊಡ್ಡ ಸಾಹಸವಾಗಿತ್ತು. ಅವನಿಗೆ ಪಿಟೀಲು ಹಿಡಿಯುವುದನ್ನು ಕಲಿಸಿದವಳು ಅವಳು. ಕಮಾನನ್ನು ಗರಗಸದ ಹಾಗೆ ಎಳೆದರೆ ಮೊಣಕೈ ಮೇಲೆ ಫಟ್ಟೆಂದು ಹೊಡೆಯುತ್ತಿದ್ದವಳೂ ಅವಳೇ. 'ಅವಸರದ ಅಜ್ಜಪ್ಪ' ಎಂದು ಕರೆಯುತ್ತಿದ್ದಳು, ಯಾವ ಸ್ವರವನ್ನೂ ಪೂರ್ತಿ ನಿಲ್ಲಲು ಬಿಡುವುದಿಲ್ಲ ಎಂದು. ಅವನು ವಾದ್ಯ ಬಿಟ್ಟು ಯಂತ್ರಗಳ ಕಡೆ ಹೋದ. ಅವಳು ಪಿಟೀಲು ಬಿಡಲಿಲ್ಲ. ಆಮೇಲೆ ಅವಳ ಬಲಗೈ ನಡುಗತೊಡಗಿತು. ಮೊದಲು ಹೆಬ್ಬೆರಳು, ಆಮೇಲೆ ಮಣಿಕಟ್ಟು. ಒಂದು ಸಂಜೆ ಕಚೇರಿಯ ಮಧ್ಯೆ ಕಮಾನು ತಂತಿಯ ಮೇಲೆ ಕುಣಿದುಬಿಟ್ಟಿತಂತೆ. ಜನ ಅದನ್ನೂ ಒಂದು ಹೊಸ ಗಮಕ ಎಂದುಕೊಂಡು ಚಪ್ಪಾಳೆ ತಟ್ಟಿದರಂತೆ. "ನನ್ನ ಕೈ ನಂಗೇ ಕೈ ಕೊಡ್ತು ಕಣೋ," ಎಂದು ನಗುತ್ತಲೇ ಹೇಳಿ ಪಿಟೀಲನ್ನು ಪೆಟ್ಟಿಗೆಗೆ ಹಾಕಿದ್ದಳು. ಅವನಿಗೆ ನಗಲಾಗಿರಲಿಲ್ಲ. ಅಂದಿನಿಂದ ಅವನು ಅವಳ ಮುಖ ನೋಡಿ ಮಾತಾಡುತ್ತಿದ್ದ, ಕೈ ನೋಡುತ್ತಿರಲಿಲ್ಲ. ಅವಳು ಮನೆಗೆ ಬಂದರೆ ಕಾಫಿ ಲೋಟವನ್ನು ಅರ್ಧಕ್ಕೇ ತುಂಬಿಸಿ ಕೊಡುತ್ತಿದ್ದ, ಚೆಲ್ಲಬಾರದೆಂದು. ಅವಳಿಗೆ ತಿಳಿಯಬಾರದೆಂದು ತನ್ನ ಲೋಟವನ್ನೂ ಅರ್ಧಕ್ಕೇ ತುಂಬಿಸಿಕೊಳ್ಳುತ್ತಿದ್ದ. ಅವಳಿಗೆ ತಿಳಿಯದೆ ಇರುತ್ತದೆಯೇ? "ಇವರ ಮನೇಲಿ ಹಾಲಿಗೆ ಬರ ಬಂದಿದೆ," ಎಂದು ಭಾವನಿಗೆ ಹೇಳಿ ಸುಮ್ಮನಾಗುತ್ತಿದ್ದಳು. 'ನಿನ್ನ ಕೈಯಿಂದ ಮತ್ತೆ ನುಡಿಸ್ತೀನಿ ನೋಡು ಅಕ್ಕ' ಎಂದು ಅವನು ಯಾವ ಧೈರ್ಯದಲ್ಲಿ ಹೇಳಿದನೋ. ಹೇಳಿದವನು ಹೇಳುತ್ತಲೇ ಇದ್ದ. ಬೇಡ ಬೇಡವೆಂದು ಅವಳು ತಳ್ಳುತ್ತಲೇ ಬಂದು ಕೊನೆಗೆ ಹೋದ ವಾರ, "ಒಂದೇ ಒಂದ್ಸಲ ಬರ್ತೀನಿ. ಆಗ್ಲಿಲ್ಲ ಅಂದ್ರೆ ಇನ್ಮೇಲೆ ನನ್ ಮುಂದೆ ಈ ಮಾತು ಎತ್ತಬಾರದು. ಸುಮ್ನೆ ಆಸೆ ಹುಟ್ಸಿ ಹುಟ್ಸಿ ಸಾಯಿಸ್ಬೇಡ," ಎಂದಿದ್ದಳು. ಅವಳಿಗೆ ಆಸೆ ಹುಟ್ಟಿದೆ ಎಂಬುದು ಅವನಿಗೆ ಆಗಲೇ ತಿಳಿದದ್ದು. ಅಯ್ಯೋ, ಎನ್ನಿಸಿತ್ತು.

ಒಂದು ಸಲವಾದರೂ ಅವಳ ಕೈಗೆ ಪಟ್ಟಿ ಕಟ್ಟಿ ನೋಡಬೇಕಿತ್ತು. ಗೊತ್ತಿಲ್ಲದೆ ಅಲ್ಲ. ವಿದ್ಯಾರ್ಥಿಗಳಿಗೆ ಹೇಳುವ ಮೊದಲ ಪಾಠವೇ ಅದು, ಯಾರಿಗೆ ಮಾಡುತ್ತೀರೋ ಅವರ ಮೈಗೆ ಹಚ್ಚಿ ನೋಡಿ ಎಂದು. ಆದರೆ ಅದಕ್ಕೆ, ಅಕ್ಕ ನಿನ್ನ ಕೈ ಕೊಡು ಎನ್ನಬೇಕು. ಕೊಟ್ಟ ಕೈಯನ್ನು ಹಿಡಿದು, ಅದು ತನ್ನ ಅಂಗೈಯೊಳಗೆ ಹಿಡಿದ ಹಕ್ಕಿಯ ಹಾಗೆ ಅದುರುವುದನ್ನು ಗೊತ್ತುಮಾಡಿಕೊಳ್ಳಬೇಕು. ಅವನು ಅದರ ಬದಲು ಒಂದು ರಾತ್ರಿ ಬಚ್ಚಲಿನ ಕನ್ನಡಿಯ ಮುಂದೆ ನಿಂತು ಪಟ್ಟಿ ಕಟ್ಟಿಕೊಂಡು ಬೇಕೆಂದೇ ತನ್ನ ಕೈಯನ್ನು ನಡುಗಿಸಿ ನೋಡಿದ್ದ. ಕನ್ನಡಿಯಲ್ಲಿ, ಅಕ್ಕನನ್ನು ಅಣಕಿಸುತ್ತಿರುವ ಒಬ್ಬ ನಡುವಯಸ್ಸಿನ ಗಂಡಸು ಕಂಡ. ಥೂ ಎಂದು ಪಟ್ಟಿ ಕಿತ್ತು ಹಾಕಿ ಮುಖ ತೊಳೆದು ಮಲಗಿದ್ದ. ಆಮೇಲೆ ಪರೀಕ್ಷೆಗೆಲ್ಲ ಇಪ್ಪತ್ತರ ಹುಡುಗ ಹುಡುಗಿಯರ ಗಟ್ಟಿ ಕೈಗಳೇ ಸಿಕ್ಕವು. ಎಲ್ಲವೂ ಸೊಗಸಾಗಿ ನುಡಿದವು.

ಅಕ್ಕ ಬಂದಾಗ ವಿದ್ಯಾರ್ಥಿಗಳು ನೆಲದ ಮೇಲೆ ಗೋಡೆಗೊರಗಿ ಕೂತಿದ್ದರು. ಅವರು ಇರುವುದು ಬೇಡವೆಂದು ಅವನಿಗೆ ಎಷ್ಟೋ ಅನ್ನಿಸಿತ್ತು. ಆದರೆ ತರಗತಿಯ ಹೊತ್ತು ಅದು, ಕೋಣೆ ಬೇರೆ ಹೊತ್ತಿನಲ್ಲಿ ಸಿಗುವುದಿಲ್ಲ. ಮುಂಜಾನೆಯಿಂದ ಅರಚಿದ ಮೈಕು ಇನ್ನೂ ಕಿವಿಯಲ್ಲೇ ಇತ್ತು, ಕಣ್ಣು ಉರಿಯುತ್ತಿತ್ತು. ಭಾವ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ, "ಲಿಫ್ಟು ಅಂತ ಒಂದು ಕಂಡುಹಿಡಿದಿದಾರಪ್ಪ, ನಿಮ್ ಕಾಲೇಜಿಗೆ ಯಾರಾದ್ರೂ ಹೇಳಿ," ಎಂದು ಹಿಂದಿನ ಕುರ್ಚಿಯಲ್ಲಿ ದೊಪ್ಪೆಂದು ಕೂತ. ಅಕ್ಕ ಒಳ್ಳೆಯ ಸೀರೆ ಉಟ್ಟಿದ್ದಳು. ಕಚೇರಿಗೆ ಹೋಗುವಾಗ ಉಡುತ್ತಿದ್ದಂಥ ಸೀರೆ. ತಲೆ ಬಾಚಿ ಹಣೆಯ ಹತ್ತಿರದ ಬಿಳಿಕೂದಲನ್ನು ಒಪ್ಪವಾಗಿ ಒಳಗೆ ಸೇರಿಸಿದ್ದಳು. "ಇವರೆಲ್ಲ ನಿನ್ ಶಿಷ್ಯರಾ? ಪಾಪ," ಎಂದಳು. ವಿದ್ಯಾರ್ಥಿಗಳು ಕಿಸಕ್ಕನೆ ನಕ್ಕರು. ಅವನು ಪಟ್ಟಿ ಹಿಡಿದು ಹೋದ. ಕಟ್ಟಬೇಕಾದವನು ಕಟ್ಟದೆ ಭಾವನ ಕೈಗೆ ಕೊಟ್ಟುಬಿಟ್ಟ. ಭಾವ ಅಕ್ಕನ ಮಣಿಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಬಳೆ ಹಿಂದಕ್ಕೆ ಸರಿಸಿ, ದಿನವೂ ಮಾಡುವ ಕೆಲಸದ ಹಾಗೆ ಕಟ್ಟಿದ. "ಬಿಗಿ ಆಯ್ತೇನೆ?" "ಇಲ್ಲ ಬಿಡಿ."

ಅಕ್ಕ ಕೋಣೆಯ ನಡುವಿನ ಕುರ್ಚಿಯಲ್ಲಿ ಕೂತು, ತನ್ನ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಉಸಿರು ತೆಗೆದುಕೊಂಡು ಬಲಗೈ ಎತ್ತಿದಳು. ಕಮಾನು ಎತ್ತುವ ಮೊದಲು ಅವಳು ಹಾಗೆಯೇ ಗಲ್ಲವನ್ನು ಎಡಕ್ಕೆ ವಾಲಿಸುತ್ತಿದ್ದಳು. ಈಗಲೂ ವಾಲಿಸಿದಳು. ಕೈ ಮೇಲೇರಿತು, ಗಾಳಿಯಲ್ಲಿ ಅಡ್ಡಕ್ಕೆ ಎಳೆಯಿತು. ಏನೂ ಇಲ್ಲ. ಸ್ಪೀಕರುಗಳ ಸಣ್ಣ ಸುಯ್ ಎಂಬ ಸದ್ದು, ಫ್ಯಾನಿನ ಗೊಣಗು, ಅಷ್ಟೇ. ಅವನು ಪರದೆ ನೋಡಿದ. ಹಸಿರು ಗೆರೆ ನೆಟ್ಟಗೆ ಸತ್ತು ಮಲಗಿತ್ತು. ಕೆಳಗಿನ ಬೂದು ಗೆರೆ ಅಂಚಿನಿಂದ ಅಂಚಿಗೆ ಕುದಿಯುತ್ತಿತ್ತು. ಕೈಗಿಂತ ಕಸ ಜಾಸ್ತಿಯಾದರೆ ಪಟ್ಟಿ ಸಡಿಲವಾಗಿದೆ ಎಂದು ತಿಳಿದು ಸುಮ್ಮನಿರು ಎಂದು ಯಂತ್ರಕ್ಕೆ ಹೇಳಿಕೊಟ್ಟಿದ್ದವನು ಅವನೇ. ಹೋದ ವರ್ಷ ಹುಡುಗರು ಪಟ್ಟಿಯನ್ನು ನೆಟ್ಟಗೆ ಕಟ್ಟಿಕೊಳ್ಳದೆ ತಲೆ ತಿನ್ನುತ್ತಿದ್ದರಲ್ಲ, ಅದಕ್ಕೆ. ಅದು ಹೇಳಿದ ಮಾತು ಕೇಳಿತ್ತು. ಅಕ್ಕ ಕೈ ಇಳಿಸಿ ಮತ್ತೆ ಎತ್ತಿದಳು. ಅವಳ ಮುಖದಲ್ಲಿ, ತಪ್ಪು ತನ್ನದಿರಬೇಕು ಎಂಬ ಪುಟ್ಟ ನಾಚಿಕೆಯೊಂದು ಬಂದುಹೋಯಿತು. ಅದನ್ನು ಅವನಿಂದ ತಾಳಲಾಗಲಿಲ್ಲ. ಯಂತ್ರ ಸುಮ್ಮನಿದ್ದರೆ ನೀವೂ ಸುಮ್ಮನಿರಿ, ಸುಳ್ಳು ನುಡಿಸಬೇಡಿ, ಸುಳ್ಳು ನುಡಿಸಿದ ದಿನ ನನ್ನ ತರಗತಿಗೆ ಬರಬೇಡಿ ಎಂದು ಇದೇ ಕೋಣೆಯಲ್ಲಿ ಗಂಟಲು ಹರಿದುಕೊಂಡವನು ಎಡಗೈಯನ್ನು ಮೇಜಿನ ಕೆಳಗಿನ ಹಲಗೆಗೆ ಇಳಿಸಿದ. ಅಲ್ಲಿ ಪರೀಕ್ಷೆಗೆಂದು ಇಟ್ಟ ಪುಟ್ಟ ಕೀಬೋರ್ಡ್ ಇತ್ತು. ಅದರ ಒಂದು ಸ್ವರದ ಮನೆ ಒತ್ತಿದ.

ನಾದ ಎದ್ದಿತು. ನಾಲ್ಕೂ ಮೂಲೆಯಿಂದ, ಕಮಾನಿನ ನಾದ, ಎಣ್ಣೆ ಸವರಿದಷ್ಟು ನಯವಾಗಿ. ಅಕ್ಕನ ಕಣ್ಣು ಅಗಲವಾಯಿತು. ಅವಳ ಕೈ ಏರಿದರೆ ಅವನ ಬೆರಳು ಏರಿತು, ಇಳಿದರೆ ಇಳಿಯಿತು. ಭಾವ ಕುರ್ಚಿಯ ಅಂಚಿಗೆ ಬಂದು, "ಅರೆ, ಬಂತಲ್ಲೇ!" ಎಂದ. ನೆಲದ ಮೇಲೆ ಕೂತವರಿಗೆ ಮೇಜಿನ ಕೆಳಗಿನದೆಲ್ಲ ಕಾಣುತ್ತಿತ್ತು. ಮುಂದಿನ ಸಾಲಿನವಳು ಅವನ ಎಡಗೈಯನ್ನೇ ನೋಡುತ್ತಿದ್ದಳು, ಆಮೇಲೆ ನೆಲ ನೋಡಿದಳು. ನೋಡಿಕೊಳ್ಳಲಿ, ಎಂದುಕೊಂಡ. ಅಕ್ಕ ನಗುತ್ತಿದ್ದಾಳಲ್ಲ. ಇದೊಂದು ಸಲ, ಇವಳೊಬ್ಬಳಿಗೆ. ಆಮೇಲೆ ರಾತ್ರಿಯೆಲ್ಲ ಕೂತು ಸರಿಮಾಡುತ್ತೇನೆ, ಮುಂದಿನ ಸಲ ನಿಜವಾಗಿಯೇ ಬರುತ್ತದೆ, ಆಗ ಇದು ಸುಳ್ಳಾಗಿ ಉಳಿಯುವುದಿಲ್ಲ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಳ್ಳುತ್ತ ಅವಳ ಕೈಯನ್ನು ಹಿಂಬಾಲಿಸಿದ. ಇಷ್ಟು ವರ್ಷದಲ್ಲಿ ಆ ಕೈಯನ್ನು ಇಷ್ಟು ಹೊತ್ತು ನೋಡಿದ್ದು ಇದೇ ಮೊದಲು. ಆದರೂ ಅದರ ನಡುಕವನ್ನು ಬಿಟ್ಟು ದಾರಿಯನ್ನಷ್ಟೇ ನೋಡುತ್ತಿದ್ದ, ಯಂತ್ರದ ಹಾಗೆಯೇ. ಅಕ್ಕ ಒಂದು ನೀಳ ಎಳೆತದ ಕೊನೆಗೆ ಬಂದಳು. ನಗು ಹಾಗೇ ಇತ್ತು. ಹುಬ್ಬು ಮಾತ್ರ ತುಸು ಗಂಟಾಯಿತು. ಕಮಾನು ತಪ್ಪು ಎಳೆದಾಗ ಆಗುತ್ತಿದ್ದ ಗಂಟು ಅದು. ಅವಳು ಮೆಲ್ಲಗೆ ಕೈ ಇಳಿಸಿ ತೊಡೆಯ ಮೇಲಿನ ಚೀಲದ ಬಾಯಿ ತೆರೆದು ಕೈಯನ್ನು ಮೊಣಕೈಯವರೆಗೂ ಅದರೊಳಗೆ ಇಟ್ಟುಕೊಂಡಳು. ಚೀಲ ಒಳಗಿನಿಂದ ಅಲುಗತೊಡಗಿತು. ಅವನಿಗೆ ಕೈ ಕಾಣಲಿಲ್ಲ. ಯಾವ ಮನೆ ಒತ್ತಬೇಕೆಂದು ತೋಚದೆ ಬೆರಳು ಎರಡು ಕಡೆ ತಡಕಾಡಿ ನಿಂತಿತು. ನಾದವೂ ತಡಕಾಡಿ ನಿಂತಿತು.

"ಪಟ್ಟಿ ಕಟ್ಟಿರೋದು ಕೈಗೆ," ಎಂದಳು ಅಕ್ಕ. "ಅದಕ್ಕೂ ಕಣ್ಣಿದೆಯೇನೋ? ಚೀಲದೊಳಗೆ ಹೋದ್ರೆ ಕಾಣ್ಸಲ್ವಾ?"

ನೆಲ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತು ಅವನಿಗೆ.

"ಇದ್ರಲ್ಲಿ ನಿನ್ನ ಕೈವಾಡ ಇದೆ ಅಂತ ಎರಡನೇ ಸ್ವರಕ್ಕೇ ಗೊತ್ತಾಯ್ತು. ನಾನು ನಿಲ್ಲೋ ಮೊದ್ಲೇ ನೀನು ಬಿಟ್ಟುಬಿಡ್ತಾ ಇದ್ದೆ. ಸಣ್ಣವನಿದ್ದಾಗಿಂದ ಅದೇ ರೋಗ." ಅವಳು ಎದ್ದು ಮೇಜಿನ ಕಡೆ ಬಂದಳು. ಅವನು ಪರದೆಯನ್ನು ಆಚೆ ತಿರುಗಿಸಲು ನೋಡಿದ, ಕೈ ಏಳಲಿಲ್ಲ. ಅಕ್ಕ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. "ಇದೇನು, ಕೈ. ಇಲ್ಲೇನೂ ಇಲ್ಲ. ಇದು..." ಓದಿದಳು. ತನ್ನ ಬಲಗೈಯನ್ನು ಮೇಲೆತ್ತಿ ನೋಡಿದಳು, ಗೆರೆ ನೋಡಿದಳು. ಕೈಯನ್ನು ಎಡಗೈಯಿಂದ ಹಿಡಿದಳು, ಗೆರೆ ತಗ್ಗಿತು. ಬಿಟ್ಟಳು, ಎದ್ದಿತು. "ಕಸ," ಎಂದಳು. "ನಾನು ಕಸದ ಲೆಕ್ಕಕ್ಕೆ ಬಂದೆ ಅನ್ನು."

"ಹಾಗಲ್ಲ ಅಕ್ಕ. ಅದು ಬರೀ ಹೆಸರು, ತಮಾಷೆಗೆ..."

"ನೀನು ಇಟ್ಟಿದ್ದಾ?"

ಈ ಸಲ ತಲೆ ಆಡಿಸಿದ್ದು ನಿಜವಾಗಿಯೂ ಹೌದು ಎಂದೇ. ಸಿಟ್ಟು ಮಾಡಿಕೊಳ್ಳಲಿ, ಎಲ್ಲರೆದುರು ನಾಲ್ಕು ಬಾರಿಸಲಿ, ಭಾವನನ್ನು ಕರೆದುಕೊಂಡು ಹೊರಟುಹೋಗಲಿ ಎಂದು ಕಾದ. ಮಾತು ಮಾತೇ, ಒಂದೇ ಒಂದು ಸಲ ಎಂದಿದ್ದಳಲ್ಲ, ಆ ಸಲ ಮುಗಿದುಹೋಯಿತು. ಮೈಯೆಲ್ಲ ಸೋತುಹೋಗಿತ್ತು ಅವನಿಗೆ. ಅತ್ತುಬಿಟ್ಟರೂ ಆಗುತ್ತಿತ್ತು, ಅದಕ್ಕೂ ತ್ರಾಣವಿರಲಿಲ್ಲ. ಭಾವ ಹಿಂದಿನಿಂದ, "ಹೋಗೋಣವೇನೆ?" ಎಂದ. ಅಕ್ಕ ಪರದೆಯನ್ನೇ ನೋಡುತ್ತಿದ್ದಳು.

"ಇದನ್ನ ಕೇಳಿಸೋಕೆ ಬರತ್ತಾ?"

"ಯಾವುದನ್ನ?"

"ಕಸಾನ."

ಬರುತ್ತಿತ್ತು. ಕೆಳಗಿನ ಗೆರೆಯ ಬಾಲವನ್ನು ಹಿಡಿದು ಮೇಲಿನದರ ಜಾಗಕ್ಕೆ ಸಿಕ್ಕಿಸಿದರೆ ಮುಗಿಯಿತು, ಒಂದು ಚಿಟಿಕೆಯ ಕೆಲಸ. ಇಷ್ಟು ದಿನ ಅದು ಹೊಳೆದಿರಲಿಲ್ಲ ಎಂದಲ್ಲ. ಅದರಿಂದ ಸಂಗೀತ ಬರುವುದಿಲ್ಲ ಎಂದು ಬಿಟ್ಟಿದ್ದ. "ಚೆನ್ನಾಗಿರಲ್ಲ ಅಕ್ಕ," ಎಂದ. "ಚೆನ್ನಾಗಿರ್ಲಿ ಅಂತ ನಾನು ಕೇಳಿದ್ನಾ?" ಎಂದು ಅವಳು ಹೋಗಿ ಕುರ್ಚಿಯಲ್ಲಿ ಕೂತಳು. ಅವನು ಸಿಕ್ಕಿಸಿದ. ಪಟ್ಟಿ ಸಡಿಲವೆಂದು ಸುಮ್ಮನಾಗುವ ಲೆಕ್ಕಾಚಾರವನ್ನೂ ತೆಗೆದುಹಾಕಿದ.

ಸದ್ದು ಮೂಲೆ ಮೂಲೆಯಿಂದ ನುಗ್ಗಿ ಬಂತು. ಕಾದ ಬಾಣಲೆಗೆ ನೀರು ಚಿಮುಕಿಸಿದ ಹಾಗೆ, ಚಟಪಟ, ತುಂಡು ತುಂಡು ನಾದ, ಒಂದು ಹುಟ್ಟುವ ಮೊದಲೇ ಇನ್ನೊಂದು ಅದರ ಮೇಲೆ ಬೀಳುವಂಥದ್ದು. ಕಿಟಕಿಯ ಗಾಜು ಗುಂಯ್ಗುಟ್ಟಿತು. ಅಕ್ಕ ಕೈಯನ್ನು ಮುಂದಕ್ಕೆ ಚಾಚಿದಾಗ ಅದು ತುಸು ತಗ್ಗಿತು. ಏನನ್ನಾದರೂ ಮಾಡುತ್ತಿರುವಾಗ ನಡುಕ ಕಡಿಮೆಯಂತೆ, ಭಾವ ಯಾವತ್ತೋ ಹೇಳಿದ್ದ, ಇವನು ಕಿವಿಗೆ ಹಾಕಿಕೊಂಡಿರಲಿಲ್ಲ. ಆಮೇಲೆ ಅವಳು ಕೈಯನ್ನು ತೊಡೆಯ ಮೇಲೆ ಇಟ್ಟು ಸುಮ್ಮನೆ ಕೂತಳು. ಸದ್ದು ನಿಲ್ಲಲಿಲ್ಲ, ಜಾಸ್ತಿಯಾಯಿತು. ಸುಮ್ಮನೆ ಕೂತ ಹೆಂಗಸು, ಒಳ್ಳೆಯ ಸೀರೆ, ಮಡಿಲಲ್ಲಿ ಕೈ; ಕೋಣೆ ಕಿತ್ತುಹೋಗುವಂಥ ಗಲಾಟೆ. ವಿದ್ಯಾರ್ಥಿಗಳಲ್ಲಿ ಒಬ್ಬಳು ಕಿವಿ ಮುಚ್ಚಿಕೊಳ್ಳಲು ಕೈ ಎತ್ತಿ ಹಾಗೇ ಇಳಿಸಿದಳು. ಭಾವ ತಲೆ ತಗ್ಗಿಸಿ ಕೂತಿದ್ದ. ಇದೆಲ್ಲ ಅವನಿಗೆ ಹೊಸತಲ್ಲ ಎಂಬುದು ಅವನ ಕೂತ ಭಂಗಿಯಲ್ಲೇ ಇತ್ತು.

ತಂತಿ ಮೇಷ್ಟ್ರ ಕೈ ತಾನಾಗಿಯೇ ಸದ್ದು ತಗ್ಗಿಸುವ ಗುಂಡಿಯ ಕಡೆ ಹೋಯಿತು.

"ಮುಟ್ಬೇಡ," ಎಂದಳು ಅಕ್ಕ. ಗದ್ದಲದ ಮೇಲೆ ಗಟ್ಟಿಯಾಗಿ ಹೇಳಬೇಕಾಯಿತು.

"ನಿಂಗೆ ಹಿಂಸೆ ಆಗಲ್ವಾ?"

"ನಂಗೆ ದಿನಾ ಕೇಳಿಸೋದೇ ಇದು. ಮಲ್ಗಿದ್ರೂ, ಕೂತ್ರೂ. ನೀವೆಲ್ಲ ಏನೂ ಇಲ್ದಿರೋ ಹಾಗೆ ಗೋಡೆ ನೋಡ್ತೀರಿ, ಹವಾಮಾನ ಮಾತಾಡ್ತೀರಿ. ನಂಗೊಬ್ಳಿಗೇ ಹುಚ್ಚು ಅನ್ಸತ್ತೆ ಒಂದೊಂದ್ಸಲ." ಅವಳ ಕಣ್ಣು ತುಂಬಿತ್ತು; ದನಿ ಮಾತ್ರ ಪಾಠ ಹೇಳುವ ದನಿಯೇ. "ಬಾ ಇಲ್ಲಿ. ಆ ಮೇಜಿಂದ ಆಚೆ ಬಾ. ಕೂತ್ಕೊಂಡು ಕೇಳು."

ಅವನು ಬಂದ. ಅವಳ ಕುರ್ಚಿಯ ಪಕ್ಕ, ನೆಲದ ಮೇಲೆ, ತನ್ನ ವಿದ್ಯಾರ್ಥಿಗಳ ಸಾಲಿನಲ್ಲೇ ಕೂತ. ಅಕ್ಕನ ಕೈ ಈಗ ಅವನ ಕಣ್ಣಿನ ಮಟ್ಟಕ್ಕಿತ್ತು. ಹೆಬ್ಬೆರಳು ತೋರುಬೆರಳಿಗೆ ಉಜ್ಜುತ್ತಿತ್ತು, ಏನನ್ನೋ ಎಣಿಸುವ ಹಾಗೆ. ಪಟ್ಟಿಯ ಕೆಳಗೆ ಒಂದು ನರ ಎದ್ದಿತ್ತು. ಬಳೆಗಳು ಒಂದಕ್ಕೊಂದು ತಾಗುತ್ತಿದ್ದವು. ಸದ್ದಿನಲ್ಲಿ ಮೊದಲು ಬರೀ ಗಲಾಟೆ ಕೇಳಿಸಿತು. ಆಮೇಲೂ ಗಲಾಟೆಯೇ ಕೇಳಿಸಿತು. ಇದರೊಳಗೆ ಒಂದು ಲಯ ಸಿಗುತ್ತದೆ, ಒಂದು ಚೆಲುವು ಸಿಗುತ್ತದೆ, ಇದರಿಂದ ಒಂದು ರಚನೆ ಮಾಡಬಹುದು ಎಂದು ಅವನ ತಲೆ ಹುಡುಕತೊಡಗಿತು. ಹುಡುಕುವುದು ನಾಚಿಕೆಯಾಗಿ ಬಿಟ್ಟ. ಕೈ ಅದುರುತ್ತಲೇ ಇತ್ತು. ತಲೆ ಸಿಡಿಯುತ್ತಿತ್ತು. ಐದು ನಿಮಿಷವೂ ಆಗಿರಲಿಕ್ಕಿಲ್ಲ, ಅವನಿಗೆ ಇನ್ನು ತಾಳಲಾಗಲಿಲ್ಲ.

"ಎಷ್ಟು ಹೊತ್ತು ಅಕ್ಕ?" ಎಂದು ಕೇಳಿಯೇಬಿಟ್ಟ.

ಅಕ್ಕ ಅವನ ಕಡೆ ತಿರುಗಿ ನೋಡಿ ಜೋರಾಗಿ ನಕ್ಕಳು. ಭಾವನೂ ತಲೆ ಎತ್ತಿದ.

"ನಾನೂ ಡಾಕ್ಟ್ರನ್ನ ಅದನ್ನೇ ಕೇಳಿದ್ದು ಕಣೋ," ಎಂದಳು.